ಏಳು ನಿಮಿಷಗಳ ಮಧ್ಯಾಹ್ನ: ‘ಚಾರುಲತಾ’ ಚಿತ್ರದ ಮೊದಲ ಸನ್ನಿವೇಶ

(ಪುಣೆಯ ನಮ್ಮ ಸಂಘದ ಸಭಾಂಗಣದಲ್ಲಿ ನಡೆದ ತಿಂಗಳ ಗೋಷ್ಠಿಯಲ್ಲಿ, ಚಿತ್ರಭಾಗದ ಪ್ರದರ್ಶನದ ನಂತರ ನೀಡಿದ ಉಪನ್ಯಾಸದ ಲಿಖಿತ ರೂಪ)



ಚಲನಚಿತ್ರದ ಬಗ್ಗೆ ಮಾತನಾಡಲು ನನಗಿರುವ ಅರ್ಹತೆ ತೀರ ಸಣ್ಣದು. ನಾನು ಕೇಂದ್ರ ಸರ್ಕಾರದ ಅಧಿಕಾರಿ. ಕಡತಗಳನ್ನು ಓದುವುದು, ಅವುಗಳ ಅಂಚಿನಲ್ಲಿ ಟಿಪ್ಪಣಿ ಬರೆಯುವುದು, ಸಹಿ ಹಾಕಿ ಮುಂದಕ್ಕೆ ಕಳುಹಿಸುವುದು ನನ್ನ ದಿನಚರಿ. ಆದರೆ ಒಂದು ಕಡತವನ್ನು ಹಾಳೆ ಹಾಳೆಯಾಗಿ ಓದಬೇಕು, ಸಾರಾಂಶವನ್ನು ನಂಬಿ ಕೂರಬಾರದು ಎಂಬ ಪಾಠವನ್ನು ಈ ವೃತ್ತಿ ನನಗೆ ಕಲಿಸಿದೆ. ಆ ಪಾಠವನ್ನೇ ಈ ಸಂಜೆ ಒಂದು ಸಿನಿಮಾಕ್ಕೆ ಅನ್ವಯಿಸಿ ನೋಡುವ ಸಾಹಸ ಮಾಡುತ್ತಿದ್ದೇನೆ.

ನಾವು ಸಾಮಾನ್ಯವಾಗಿ ಸಿನಿಮಾ ನೋಡಿ ಬಂದವರನ್ನು ಕೇಳುವ ಮೊದಲ ಪ್ರಶ್ನೆ, ‘ಕಥೆ ಏನು?’ ಎರಡನೆಯದು, ‘ಹಾಡುಗಳು ಹೇಗಿವೆ?’ ಈ ಎರಡೂ ಪ್ರಶ್ನೆಗಳು ತಪ್ಪಲ್ಲ. ಆದರೆ ಕಥೆಯನ್ನು ಅಜ್ಜಿಯೂ ಹೇಳುತ್ತಾಳೆ, ಹಾಡನ್ನು ರೇಡಿಯೋವೂ ಕೇಳಿಸುತ್ತದೆ. ಸಿನಿಮಾ ಮಾತ್ರವೇ ಮಾಡಬಲ್ಲದ್ದು ಏನು ಎಂಬುದು ಮೂರನೆಯ ಪ್ರಶ್ನೆ. ಈ ಪ್ರಶ್ನೆಯನ್ನು ನಾನು ಮೊದಲು ಕೇಳಿಸಿಕೊಂಡದ್ದು ವಿದ್ಯಾರ್ಥಿಯಾಗಿದ್ದಾಗ, ಹೆಗ್ಗೋಡಿನ ಶಿಬಿರವೊಂದರಲ್ಲಿ. ಕೆ. ವಿ. ಸುಬ್ಬಣ್ಣನವರು ಮಲೆನಾಡಿನ ಆ ಹಳ್ಳಿಯಲ್ಲಿ ಚಿತ್ರಸಮಾಜವನ್ನು ಕಟ್ಟಿ, ಅಡಿಕೆ ತೋಟದ ಜನರಿಗೆ ‘ಪಥೇರ್ ಪಾಂಚಾಲಿ’ಯಂಥ ಚಿತ್ರಗಳನ್ನು ತೋರಿಸಿದ್ದು ತಮಗೆಲ್ಲ ಗೊತ್ತಿದೆ. ಆ ಕೆಲಸದಲ್ಲಿ ಅವರ ಜೊತೆಗಿದ್ದವರಲ್ಲಿ ಒಬ್ಬರು ಸತೀಶ್ ಬಹಾದ್ದೂರ್. ಅವರು ಚಲನಚಿತ್ರ ರಸಗ್ರಹಣವನ್ನು ಪಾಠ ಮಾಡುತ್ತಿದ್ದದ್ದು ಇದೇ ಪುಣೆಯಲ್ಲಿ, ಲಾ ಕಾಲೇಜ್ ರಸ್ತೆಯ ಫಿಲ್ಮ್ ಸಂಸ್ಥೆಯಲ್ಲಿ. ಒಂದು ಚಿತ್ರವನ್ನು ಚಿತ್ರಿಕೆ ಚಿತ್ರಿಕೆಯಾಗಿ ಬಿಡಿಸಿ ಓದುವುದು ಅವರ ಕ್ರಮ. ಹೆಗ್ಗೋಡಿಗೂ ಪುಣೆಗೂ ಹೀಗೊಂದು ಹಳೆಯ ಕೊಂಡಿಯಿರುವುದರಿಂದ ಇಲ್ಲಿ ನಿಂತು ಈ ಮಾತನಾಡುವುದು ಅಸಂಗತವಲ್ಲ ಎಂದು ಭಾವಿಸುತ್ತೇನೆ. ‘ಷಾಟ್’ ಎಂಬುದಕ್ಕೆ ಹೆಗ್ಗೋಡಿನವರು ಬಳಸುವ ‘ಚಿತ್ರಿಕೆ’ ಎಂಬ ಪದವನ್ನೇ ನಾನೂ ಬಳಸುತ್ತೇನೆ. ಕ್ಯಾಮೆರಾ ಒಮ್ಮೆ ಚಾಲೂ ಆಗಿ ನಿಲ್ಲುವವರೆಗೆ ತೆಗೆದ ತುಣುಕಿನಿಂದ ಸಂಕಲನಕಾರ ಉಳಿಸಿಕೊಂಡ ಭಾಗವೇ ಚಿತ್ರಿಕೆ.

ಈಗ ತಾವು ಪರದೆಯ ಮೇಲೆ ನೋಡಿದ್ದು ಸತ್ಯಜಿತ್ ರೇ ಅವರ ‘ಚಾರುಲತಾ’ ಚಿತ್ರದ ಮೊದಲ ಸುಮಾರು ಏಳು ನಿಮಿಷಗಳನ್ನು. ಚಿತ್ರ ಬಿಡುಗಡೆಯಾದದ್ದು 1964ರಲ್ಲಿ. ರವೀಂದ್ರನಾಥ ಠಾಕೂರರು 1901ರಲ್ಲಿ ಬರೆದ ‘ನಷ್ಟನೀಡ’ ಎಂಬ ನೀಳ್ಗತೆ ಇದರ ಮೂಲ. ಕಾಲ 1879, ಸ್ಥಳ ಕಲ್ಕತ್ತೆಯ ಒಂದು ಶ್ರೀಮಂತ ಮನೆ. ಯಜಮಾನ ಭೂಪತಿ ಇಂಗ್ಲಿಷಿನಲ್ಲಿ ರಾಜಕೀಯ ಪತ್ರಿಕೆಯೊಂದನ್ನು ನಡೆಸುತ್ತಾನೆ. ಅದರ ಹೆಸರು ‘ದಿ ಸೆಂಟಿನೆಲ್’. ಅಚ್ಚುಕೂಟವೂ ಮನೆಯಲ್ಲೇ ಇದೆ. ಅವನ ಹೆಂಡತಿ ಚಾರು. ಮಕ್ಕಳಿಲ್ಲ. ಕೆಲಸಕ್ಕೆ ಆಳುಗಳಿದ್ದಾರೆ. ಚಾರುವಾಗಿ ಮಾಧವಿ ಮುಖರ್ಜಿ, ಭೂಪತಿಯಾಗಿ ಶೈಲೇನ್ ಮುಖರ್ಜಿ ನಟಿಸಿದ್ದಾರೆ. ಛಾಯಾಗ್ರಹಣ ಸುಬ್ರತ ಮಿತ್ರರದು, ಕಲಾನಿರ್ದೇಶನ ಬನ್ಸಿ ಚಂದ್ರಗುಪ್ತರದು, ಸಂಕಲನ ದುಲಾಲ್ ದತ್ತರದು. ಸಂಗೀತ ರೇ ಅವರದೇ. ಈ ಚಿತ್ರಕ್ಕಾಗಿ 1965ರ ಬರ್ಲಿನ್ ಉತ್ಸವದಲ್ಲಿ ಅವರಿಗೆ ಶ್ರೇಷ್ಠ ನಿರ್ದೇಶಕನ ಬೆಳ್ಳಿ ಕರಡಿ ದೊರೆಯಿತು.

ಇನ್ನು ಹಾಳೆಗಳನ್ನು ತಿರುವೋಣ.

ಮೊದಲ ಚಿತ್ರಿಕೆಯಲ್ಲಿ ಮುಖವಿಲ್ಲ, ಕೈಗಳಿವೆ. ಕಸೂತಿಯ ಬಳೆಯಲ್ಲಿ ಬಿಗಿದ ಕರವಸ್ತ್ರದ ಮೇಲೆ ಸೂಜಿ ಏರಿಳಿಯುತ್ತಿದೆ. ಅದರ ಮೇಲೆಯೇ ತಂತ್ರಜ್ಞರ, ನಟರ ಹೆಸರುಗಳು ಬಂದು ಹೋಗುತ್ತವೆ. ಅಲ್ಲಿ ಮೂಡುತ್ತಿರುವುದು ಗಂಡನ ಹೆಸರಿನ ಮೊದಲ ಅಕ್ಷರ. ಆದರೆ ಬಂಗಾಳಿಯ ‘ಭ’ ಅಲ್ಲ, ಇಂಗ್ಲಿಷಿನ ‘ಬಿ’. ಮನೆಯೊಳಗೆ ಹೆಂಡತಿ ಬಂಗಾಳಿಯಲ್ಲಿ ಓದುತ್ತಾಳೆ, ಗಂಡ ಇಂಗ್ಲಿಷಿನಲ್ಲಿ ಯೋಚಿಸುತ್ತಾನೆ. ಆಕೆ ಗಂಡನ ಹೆಸರನ್ನು ಅವನ ಲಿಪಿಯಲ್ಲೇ ಹೆಣೆಯುತ್ತಿದ್ದಾಳೆ. ಒಂದೂ ಮಾತಿಲ್ಲದೆ ಪ್ರೀತಿ, ವ್ಯವಧಾನ, ಬಿಡುವು, ದೂರ ಎಲ್ಲವೂ ಒಂದೇ ಚಿತ್ರಿಕೆಯಲ್ಲಿ ಬಂದುಬಿಟ್ಟಿವೆ.

ಗಡಿಯಾರ ನಾಲ್ಕು ಹೊಡೆಯುತ್ತದೆ. ಚಾರು ಎದ್ದು ಹೊರಗೆ ಬಂದು, ಯಜಮಾನರಿಗೆ ಚಹಾ ಕೊಂಡೊಯ್ಯುವಂತೆ ಆಳಿಗೆ ಕೂಗಿ ಹೇಳುತ್ತಾಳೆ. ಈ ಏಳು ನಿಮಿಷಗಳಲ್ಲಿ ನಾವು ಕೇಳುವ ಸಂಭಾಷಣೆ ಇಷ್ಟೇ. ಚಹಾದ ವೇಳೆ ಚಾರುವಿಗೆ ತಿಳಿದಿದೆ, ಆದರೆ ಚಹಾ ಒಯ್ಯುವವಳು ಆಕೆಯಲ್ಲ. ಗಂಡ ಇರುವುದು ಅದೇ ಮನೆಯಲ್ಲಿ, ಅವನ ಲೋಕ ಮಾತ್ರ ಬೇರೆ. ನಡುವೆ ಆಳು ಓಡಾಡುತ್ತಾನೆ.

ನಂತರ ಪುಸ್ತಕ. ಮಲಗುವ ಕೋಣೆಯಲ್ಲಿ ಒಂದನ್ನು ಕೈಗೆತ್ತಿಕೊಂಡು ಬಿಡುತ್ತಾಳೆ. ನಡುಮನೆಗೆ ಬಂದು ಪುಸ್ತಕದ ಕಪಾಟಿನ ಮುಂದೆ ನಿಂತು, ‘ಬಂಕಿಮ್’ ಎಂಬ ಹೆಸರನ್ನೇ ರಾಗವಾಗಿ ಗುನುಗುತ್ತ ‘ಕಪಾಲಕುಂಡಲಾ’ವನ್ನು ಎಳೆದುಕೊಳ್ಳುತ್ತಾಳೆ. ಇಲ್ಲಿ ನಮಗೊಂದು ನೆಂಟಸ್ತನವಿದೆ. ಬಂಕಿಮಚಂದ್ರರ ಕಾದಂಬರಿಗಳು 1880ರ ದಶಕದಿಂದಲೇ ಬಿ. ವೆಂಕಟಾಚಾರ್ಯರ ಅನುವಾದಗಳ ಮೂಲಕ ಕನ್ನಡದ ಮನೆಗಳನ್ನು ಹೊಕ್ಕವು. ಕಲ್ಕತ್ತೆಯ ಚಾರು ಕಪಾಟಿನಲ್ಲಿ ಹುಡುಕಿದ ಲೇಖಕನನ್ನೇ ನಮ್ಮ ಮುತ್ತಜ್ಜಿಯರು, ಓದು ಬಲ್ಲವರಾದರೆ, ಮಧ್ಯಾಹ್ನದ ಹೊತ್ತು ಓದಿದರು. ಬಂಗಾಳದ ಆ ಮಧ್ಯಾಹ್ನ ನಮಗೆ ಪೂರ್ತಿ ಪರದೇಶವಲ್ಲ.

ಪುಸ್ತಕ ಕೈಯಲ್ಲಿರುವಾಗಲೇ ಹೊರಗಿನಿಂದ ಒಂದು ಸದ್ದು ಬರುತ್ತದೆ: ಕೋತಿ ಆಡಿಸುವವನ ಬುಡುಬುಡಿಕೆ. ಗಮನಿಸಿ, ಮೊದಲು ಬರುವುದು ಶಬ್ದ, ದೃಶ್ಯ ಆಮೇಲೆ. ಒಳಗೆ ಇರುವವರಿಗೆ ಹೊರಗಿನ ಲೋಕ ಯಾವಾಗಲೂ ಹೀಗೆಯೇ ಬರುತ್ತದೆ. ಚಾರು ಕಿಟಕಿಗೆ ಹೋಗುತ್ತಾಳೆ. ಬಂಗಾಳಿಗಳು ‘ಖಡಖಡಿ’ ಎಂದು ಕರೆಯುವ, ಮರದ ಅಡ್ಡಪಟ್ಟಿಗಳ ಕಿಟಕಿ ಅದು. ಪಟ್ಟಿಗಳನ್ನು ಎತ್ತಿದರೆ ಒಳಗಿನವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗಿನವರು ಕಾಣುವುದಿಲ್ಲ. ಬೀದಿ ನಮಗೆ ಕಾಣುವುದೂ ಆ ಪಟ್ಟಿಗಳ ಸಂದಿನಿಂದಲೇ. ರೇ ಒಮ್ಮೆಯೂ ಕ್ಯಾಮೆರಾವನ್ನು ಬೀದಿಗೆ ಇಳಿಸಿ ಮನೆಯ ಕಡೆಗೆ ತಿರುಗಿಸುವುದಿಲ್ಲ. ನಾವೂ ಒಳಗಿನವರೇ.

ಬರಿಗಣ್ಣಿಗೆ ಬೀದಿ ದೂರ. ಚಾರುವಿಗೆ ಏನೋ ನೆನಪಾಗುತ್ತದೆ. ಸರಸರನೆ ಮಲಗುವ ಕೋಣೆಗೆ ಹೋಗಿ ಹಿಡಿಕೆಯಿರುವ ಪುಟ್ಟ ದುರ್ಬೀನನ್ನು ತರುತ್ತಾಳೆ. ನಾಟಕಶಾಲೆಯಲ್ಲಿ ಹಿಂದೆ ಕುಳಿತವರು ರಂಗವನ್ನು ಹತ್ತಿರದಿಂದ ನೋಡಲು ಬಳಸುತ್ತಿದ್ದಂಥದು. ಆಕೆ ಮೊಗಸಾಲೆಯಲ್ಲಿ ಮರಳಿ ಬರುವಾಗ ಕ್ಯಾಮೆರಾ ಮುಖವನ್ನು ಬಿಟ್ಟು, ಕೈಯಲ್ಲಿ ತೂಗಾಡುತ್ತಿರುವ ದುರ್ಬೀನನ್ನೇ ಸಮೀಪದಿಂದ ಹಿಂಬಾಲಿಸುತ್ತದೆ. ಆ ಒಂದು ಚಿತ್ರಿಕೆಯಲ್ಲಿ ಮಾತ್ರ ಚಾರುವಿನ ನಡಿಗೆಗೆ ಒಂದು ಉದ್ದೇಶವಿದೆ. ಅದುವರೆಗೆ ಅಲೆಯುತ್ತಿದ್ದವಳು ಈಗ ಹೊರಟಿದ್ದಾಳೆ.

ಮುಂದಿನದು ಆಟ. ಒಂದು ಕಿಟಕಿಯಿಂದ ಕೋತಿ. ಇನ್ನೊಂದರಿಂದ ಬೋವಿಗಳು ಹೊತ್ತ ಪಲ್ಲಕ್ಕಿ. ಕಡೆಗೆ ಕೊಡೆ ಹಿಡಿದು ನಡೆಯುತ್ತಿರುವ ಒಬ್ಬ ದಢೂತಿ ಮನುಷ್ಯ. ಅವನನ್ನು ಬಿಟ್ಟುಕೊಡಲು ಚಾರುವಿಗೆ ಮನಸ್ಸಿಲ್ಲ. ಅವನು ಬೀದಿಯಲ್ಲಿ ಮುಂದಕ್ಕೆ ಹೋದಂತೆ ಆಕೆ ಒಳಗೆ ಕಿಟಕಿಯಿಂದ ಕಿಟಕಿಗೆ ಓಡುತ್ತಾಳೆ, ಕ್ಯಾಮೆರಾ ಆಕೆಯ ಜೊತೆ ಜಾರುತ್ತದೆ. ಅವನು ಮರೆಯಾದ ಮೇಲೆ ಆಟವೂ ಮುಗಿಯಿತು. ಪಿಯಾನೋದ ಬಳಿ ಬಂದು ಮುಚ್ಚಳ ಎತ್ತಿ ಅದರ ಮನೆಯನ್ನು ಒತ್ತುತ್ತಾಳೆ. ಸ್ವರ ಹೊರಡುತ್ತದೆ, ಸಂಗೀತ ಹೊರಡುವುದಿಲ್ಲ.

ಆಗ ಬೂಟಿನ ಸದ್ದು. ಭೂಪತಿ ಕಚೇರಿಯಿಂದ ಬಂದು ನೇರವಾಗಿ ಮಲಗುವ ಕೋಣೆಗೆ ಹೋಗುತ್ತಾನೆ. ಚಾರು ಬಾಗಿಲ ಬಳಿ ಬಂದು ನಿಲ್ಲುತ್ತಾಳೆ. ಅವನು ಬೇಕಾದ ಪುಸ್ತಕವನ್ನು ತೆಗೆದುಕೊಂಡು, ಅದನ್ನು ಓದುತ್ತಲೇ ನಡೆಯುತ್ತ, ಆಕೆಯ ಪಕ್ಕದಲ್ಲೇ ಹಾದು ಹೋಗುತ್ತಾನೆ. ತಲೆ ಎತ್ತುವುದಿಲ್ಲ. ಆಕೆ ಅಲ್ಲಿರುವುದು ಅವನಿಗೆ ತಿಳಿಯುವುದೇ ಇಲ್ಲ. ಮೊಗಸಾಲೆಯಲ್ಲಿ ಅವನ ಬೆನ್ನು ದೂರವಾಗುತ್ತದೆ. ಚಾರು ನಿಧಾನವಾಗಿ ದುರ್ಬೀನನ್ನು ಎತ್ತಿ ಅವನನ್ನು ನೋಡುತ್ತಾಳೆ. ಅವನು ತಿರುವಿನಲ್ಲಿ ಮರೆಯಾಗುತ್ತಾನೆ. ಆಕೆ ದುರ್ಬೀನನ್ನು ಇಳಿಸುತ್ತಾಳೆ. ಆ ಕ್ಷಣದಲ್ಲೇ ಚಿತ್ರ ಝಗ್ಗನೆ ಹಿಂದಕ್ಕೆ ಸರಿದು, ಚಾರು ಆ ದೊಡ್ಡ ಮನೆಯ ನಡುವೆ ಚಿಕ್ಕದಾಗಿ ನಿಲ್ಲುತ್ತಾಳೆ.

ಇಷ್ಟೇ ನಡೆದದ್ದು. ಪ್ರದರ್ಶನ ಮುಗಿದು ಚಹಾ ಕುಡಿಯುವಾಗ ಹಿರಿಯರೊಬ್ಬರು ನನ್ನನ್ನು ಕೇಳಿದರು: “ಇದರಲ್ಲಿ ಏನೂ ನಡೆಯೋದೇ ಇಲ್ಲವಲ್ಲ ಸ್ವಾಮಿ?” ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡಲು ನಮಗೆಲ್ಲ ಶಾಲೆಯಲ್ಲಿ ಪರಿಚಯವಾದ ವ್ಯಾಕರಣದ ನೆರವು ಪಡೆಯುತ್ತೇನೆ.

ಠಾಕೂರರು ಕಥೆಗಾರರು. ಚಾರುವಿಗೆ ಮಾಡಲು ಕೆಲಸವಿರಲಿಲ್ಲ, ದಿನಗಳು ಹಾಗೆಯೇ ಕಳೆಯುತ್ತಿದ್ದವು ಎಂಬುದನ್ನು ಒಂದೆರಡು ವಾಕ್ಯದಲ್ಲಿ ಹೇಳಬಲ್ಲರು. ಕನ್ನಡದಲ್ಲಿ ‘ನೋಡಿದಳು’ ಎಂದರೆ ಒಮ್ಮೆ, ‘ನೋಡುತ್ತಿದ್ದಳು’ ಎಂದರೆ ದಿನವೂ ಎಂಬ ಅರ್ಥ ಬರಬಹುದು. ಒಂದು ಪ್ರತ್ಯಯ ಸಾಕು, ವರ್ಷಗಳು ಅದರಲ್ಲಿ ಅಡಗುತ್ತವೆ. ಸಿನಿಮಾಕ್ಕೆ ಈ ಪ್ರತ್ಯಯವಿಲ್ಲ. ಪರದೆಯ ಮೇಲೆ ಕಾಣುವುದೆಲ್ಲ ‘ನೋಡುತ್ತಾಳೆ’ ಎಂಬ ವರ್ತಮಾನ ಮಾತ್ರ. ಹಾಗಾದರೆ ಇದು ಇಂದಿನ ಒಂದು ಮಧ್ಯಾಹ್ನವಲ್ಲ, ಎಲ್ಲ ಮಧ್ಯಾಹ್ನಗಳೂ ಹೀಗೆಯೇ ಎಂದು ತೋರಿಸುವುದು ಹೇಗೆ? ರೇ ಕಂಡುಕೊಂಡ ದಾರಿ ಚಾರುವಿನ ನೈಪುಣ್ಯ. ಯಾವ ಕಿಟಕಿಯಿಂದ ಬೀದಿಯ ಯಾವ ಭಾಗ ಕಾಣುತ್ತದೆ, ಈ ಕಿಟಕಿಯಲ್ಲಿ ಮರೆಯಾದವನು ಮುಂದಿನ ಯಾವ ಕಿಟಕಿಯಲ್ಲಿ ಹುಟ್ಟುತ್ತಾನೆ, ಅಲ್ಲಿಗೆ ಎಷ್ಟು ಬೇಗ ತಲುಪಬೇಕು, ಎಲ್ಲವೂ ಆಕೆಗೆ ಬಾಯಿಪಾಠ. ಒಂಟಿತನವೆಂಬುದು ಇಲ್ಲಿ ಕಣ್ಣೀರಾಗಿ ಬಂದಿಲ್ಲ, ಕೈ ಪಳಗಿದ ವಿದ್ಯೆಯಾಗಿ ಬಂದಿದೆ. ಅಷ್ಟು ಚೆನ್ನಾಗಿ ಆಡಲು ಬರಬೇಕಾದರೆ ಆ ಆಟವನ್ನು ಎಷ್ಟು ವರ್ಷ ಒಬ್ಬಳೇ ಆಡಿರಬೇಕು?

ಎರಡನೆಯ ಅಂಶ ಕರ್ತೃ ಮತ್ತು ಕರ್ಮ. ಬೀದಿಯ ಭಾಗವೆಲ್ಲ ಒಂದೇ ವಾಕ್ಯರಚನೆಯಲ್ಲಿದೆ: ಚಾರುವಿನ ಮುಖ, ಆಮೇಲೆ ಆಕೆ ಕಂಡ ವಸ್ತು. ಚಾರು ಕೋತಿಯನ್ನು ನೋಡಿದಳು, ಪಲ್ಲಕ್ಕಿಯನ್ನು ನೋಡಿದಳು, ಕೊಡೆಯವನನ್ನು ನೋಡಿದಳು. ದ್ವಿತೀಯಾ ವಿಭಕ್ತಿಯ ಸ್ಥಾನದಲ್ಲಿ ಒಂದೊಂದೇ ಹೆಸರು ಬಂದು ಹೋಗುತ್ತದೆ. ನಾಲ್ಕಾರು ಸಲ ಈ ರಚನೆಗೆ ನಮ್ಮ ಕಣ್ಣನ್ನು ಒಗ್ಗಿಸಿ, ಕೊನೆಯಲ್ಲಿ ಅದೇ ಸ್ಥಾನಕ್ಕೆ ಗಂಡನನ್ನು ತಂದು ಕೂರಿಸುತ್ತಾರೆ ರೇ. ಚಾರು ಭೂಪತಿಯನ್ನು ನೋಡಿದಳು. ವಾಕ್ಯ ಬದಲಾಗಿಲ್ಲ. ಮೊದಲಿನವರೆಲ್ಲ ಬೀದಿಯಲ್ಲಿದ್ದರು, ಇವನು ಮನೆಯಲ್ಲಿದ್ದಾನೆ, ಅಷ್ಟೇ ವ್ಯತ್ಯಾಸ. ಗಂಡನೂ ಹಾದುಹೋಗುವವರಲ್ಲಿ ಒಬ್ಬ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಚಿತ್ರಿಕೆಗಳ ಜೋಡಣೆ ಹೇಳಿತು. ಇದನ್ನು ಕಥೆಯಲ್ಲಿ ಹೀಗೆ ಹೇಳಲಾಗದು, ರಂಗದ ಮೇಲೂ ಹೀಗೆ ತೋರಿಸಲಾಗದು. ಸಾಹಿತ್ಯ ಮತ್ತು ರಂಗಭೂಮಿಯ ಪ್ರಭಾವವಿಲ್ಲದ, ಕಣ್ಣು ಕಿವಿಗಳಿಗೆ ಮಾತ್ರ ಸಲ್ಲುವ ಭಾಷೆಯನ್ನು ಈ ಸನ್ನಿವೇಶದಲ್ಲಿ ತಾವು ಪ್ರಯತ್ನಿಸಿದ್ದಾಗಿ ರೇ ಸ್ವತಃ ಬರೆದಿದ್ದಾರೆ.

ಮೂರನೆಯದು ಆ ಕೊನೆಯ ಹಿಂಜರಿತ. ಕ್ಯಾಮೆರಾ ಹಿಂದೆ ಸರಿದಂತೆ ತೋರುವುದಕ್ಕೆ ಎರಡು ವಿಧಾನಗಳಿವೆ. ಒಂದು, ಕ್ಯಾಮೆರಾವನ್ನೇ ಗಾಲಿಗಳ ಮೇಲೆ ಹಿಂದಕ್ಕೆ ಎಳೆಯುವುದು. ಇನ್ನೊಂದು, ಕ್ಯಾಮೆರಾ ನಿಂತಲ್ಲೇ ನಿಂತು ಮಸೂರದ ನಾಭಿದೂರವನ್ನು ಬದಲಿಸುವುದು, ಇದೇ ಜೂಮ್. ರೇ ಇಲ್ಲಿ ಆರಿಸಿಕೊಂಡದ್ದು ಎರಡನೆಯದನ್ನು. ಈಗ ಯೋಚಿಸಿ, ದುರ್ಬೀನು ಮಾಡುವುದೇನು? ನೋಡುವವನು ನಿಂತಲ್ಲೇ ಇರುತ್ತಾನೆ, ದೂರದ್ದು ಹತ್ತಿರ ಬಂದಂತೆ ಕಾಣುತ್ತದೆ. ಇಳಿಸಿದೊಡನೆ ಹತ್ತಿರವಿದ್ದದ್ದು ದೂರಕ್ಕೆ ಹೋಗಿಬಿಡುತ್ತದೆ. ಚಾರುವಿಗೆ ಏನಾಯಿತೋ ಅದನ್ನೇ ಆ ಜೂಮ್ ನಮಗೆ ಮಾಡುತ್ತದೆ. ಅದುವರೆಗೆ ಚಾರುವಿನ ಬಳಿಯಲ್ಲೇ ಇದ್ದ ನಾವು, ಯಾರೋ ನಮ್ಮ ಕಣ್ಣಿನ ದುರ್ಬೀನನ್ನೂ ಇಳಿಸಿದಂತೆ, ಆಕೆಯಿಂದ ದೂರ ತಳ್ಳಲ್ಪಡುತ್ತೇವೆ. ಸಾಮಾನ್ಯ ನಿರ್ದೇಶಕನಾಗಿದ್ದರೆ ಈ ಕ್ಷಣದಲ್ಲಿ ಹತ್ತಿರ ಹೋಗಿ ಕಣ್ಣಂಚಿನ ಹನಿಯನ್ನು ತೋರಿಸುತ್ತಿದ್ದ, ಪಿಟೀಲು ನುಡಿಸುತ್ತಿದ್ದ. ರೇ ಹನಿಯನ್ನು ತೋರಿಸಲಿಲ್ಲ, ಅಂತರವನ್ನು ತೋರಿಸಿದರು. ಈ ಚಿತ್ರದ ಹೊತ್ತಿಗೆ ಕ್ಯಾಮೆರಾವನ್ನು ಅವರೇ ನಡೆಸತೊಡಗಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಆ ಹಿಂಜರಿತದ ವೇಗವನ್ನು ನಿರ್ಣಯಿಸಿದ್ದು ನಿರ್ದೇಶಕನ ಕೈಯೇ.

ಬೆಳಕಿನ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಈ ಮನೆಯ ಒಳಾಂಗಣ ಬನ್ಸಿ ಚಂದ್ರಗುಪ್ತರು ಸ್ಟುಡಿಯೋದಲ್ಲಿ ಕಟ್ಟಿದ್ದು. ದೀಪವನ್ನು ನೇರವಾಗಿ ಬೀರದೆ, ಬಿಳಿಯ ಬಟ್ಟೆಯ ಮೇಲೆ ಬೀಳಿಸಿ ಪ್ರತಿಫಲಿಸುವ ಕ್ರಮವನ್ನು ಸುಬ್ರತ ಮಿತ್ರರು 1956ರ ‘ಅಪರಾಜಿತೋ’ದಲ್ಲಿ ರೂಢಿಸಿಕೊಂಡಿದ್ದರು. ಕಾಶಿಯ ಮನೆಯ ಅಂಗಳಕ್ಕೆ ಬೀಳುವ ಮೃದುವಾದ ಬೆಳಕನ್ನು ಸ್ಟುಡಿಯೋದಲ್ಲಿ ತರಬೇಕಾಗಿ ಬಂದಾಗ ಹುಟ್ಟಿದ ಉಪಾಯವದು. ‘ಚಾರುಲತಾ’ದ ನಾಲ್ಕು ಗಂಟೆಯ ಬೆಳಕು ನಮಗೆ ಕೃತಕವೆನಿಸದಿರುವುದು ಇಂಥ ಶ್ರಮದಿಂದ.

ಇಲ್ಲಿಯವರೆಗೆ ಹೇಳಿದ್ದು ಕಲೆಯ ಮಾತು. ಇನ್ನು ಸ್ವಲ್ಪ ಲೋಕದ ಮಾತು.

ಭೂಪತಿ ದುಷ್ಟನಲ್ಲ. ಈ ಮಾತನ್ನು ಒತ್ತಿ ಹೇಳುತ್ತೇನೆ. ಹೆಂಡತಿಗೆ ಒಂಟಿತನ ಕಾಡಬಾರದೆಂದು ಆಕೆಯ ಅಣ್ಣ ಅತ್ತಿಗೆಯರನ್ನು ಮನೆಗೆ ಕರೆಸುವವನು ಅವನೇ. ತನ್ನ ಕಿರಿಯ ಬಂಧು ಅಮಲ್ ಬಂದಾಗ, ಆಕೆಯ ಓದು ಬರಹಕ್ಕೆ ಪ್ರೋತ್ಸಾಹ ಕೊಡೆಂದು ಅವನನ್ನು ಕೇಳಿಕೊಳ್ಳುವವನೂ ಅವನೇ. ಅವನು ಉದಾರವಾದಿ. ಸ್ವಾತಂತ್ರ್ಯ, ಸತ್ಯ, ಪ್ರಜೆಗಳ ಹಕ್ಕು ಇವುಗಳ ಬಗ್ಗೆ ಪ್ರಾಮಾಣಿಕವಾಗಿ ಬರೆಯುವವನು. 1880ರಲ್ಲಿ ಇಂಗ್ಲೆಂಡಿನ ಚುನಾವಣೆಯಲ್ಲಿ ಗ್ಲಾಡ್‌ಸ್ಟನ್ನರ ಲಿಬರಲ್ ಪಕ್ಷ ಗೆದ್ದಾಗ ಕಲ್ಕತ್ತೆಯ ಮನೆಯಲ್ಲಿ ಔತಣ ಏರ್ಪಡಿಸುವಷ್ಟು ರಾಜಕೀಯ ಪ್ರಜ್ಞೆ ಅವನಿಗಿದೆ. ಲಂಡನ್ನಿನಲ್ಲಿ ಏನಾಯಿತೆಂಬುದು ಅವನಿಗೆ ಗೊತ್ತು. ಹತ್ತು ಹೆಜ್ಜೆ ಆಚೆ, ಬಾಗಿಲ ಬಳಿ ಯಾರು ನಿಂತಿದ್ದಾರೆಂಬುದು ಗೊತ್ತಿಲ್ಲ. ಚಾರು ಆ ಕರವಸ್ತ್ರವನ್ನು ಕೊಟ್ಟಾಗ ಅವನು ಅಚ್ಚರಿಯಿಂದ, ಇದಕ್ಕೆಲ್ಲ ನಿನಗೆ ಸಮಯ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾನೆ. ನೋಡುಗರಾದ ನಾವು ತಲೆ ತಗ್ಗಿಸುವಂಥ ಪ್ರಶ್ನೆ ಅದು.

ನಾನು ತಲೆ ತಗ್ಗಿಸಿದ್ದಕ್ಕೆ ಇನ್ನೂ ಒಂದು ಕಾರಣವಿದೆ. 1997ರಲ್ಲಿ ನನಗೆ ಕಲ್ಕತ್ತೆಗೆ ವರ್ಗವಾಯಿತು. ಮದುವೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ. ಸರ್ಕಾರಿ ವಸತಿಯ ಮೂರನೆಯ ಅಂತಸ್ತಿನಲ್ಲಿ ಎರಡು ಕೋಣೆಯ ಮನೆ. ನನ್ನ ಪತ್ನಿ ಕನ್ನಡ ಎಂ.ಎ. ಮಾಡಿದವರು. ಕಾಲೇಜಿನ ದಿನಗಳಲ್ಲಿ ಕತೆ ಬರೆದು ಬಹುಮಾನ ಪಡೆದವರು. ನಾನು ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ಮನೆ ಸೇರುತ್ತಿದ್ದೆ, ಬಗಲಲ್ಲಿ ಕಡತಗಳೊಡನೆ. ಭಾನುವಾರ ಅಲ್ಲಿನ ಕನ್ನಡಿಗರ ಸಭೆ. ಅಲ್ಲಿ ನಾವು ಗಂಡಸರು ಕಾವೇರಿ, ಗಡಿ ತಂಟೆ, ಕೇಂದ್ರದ ನೇಮಕಾತಿಗಳಲ್ಲಿ ಕನ್ನಡಕ್ಕೆ ಆಗುವ ಅನ್ಯಾಯ ಇವುಗಳ ಬಗ್ಗೆ ಬಿಸಿಬಿಸಿಯಾಗಿ ಚರ್ಚಿಸುತ್ತಿದ್ದೆವು. ಒಳಗಿನಿಂದ ಉಪ್ಪಿಟ್ಟು ಬರುತ್ತಿತ್ತು. ಅದನ್ನು ಮಾಡಿದವರಾರೆಂದು ನಾವು ಕೇಳಿದ್ದು ನನಗೆ ನೆನಪಿಲ್ಲ.

ಮೂರು ವರ್ಷ ಹೀಗೆ ಕಳೆಯಿತು. ಆ ನಗರದಲ್ಲಿ ಇದ್ದಾಗ ನಾನು ‘ಚಾರುಲತಾ’ವನ್ನು ನೋಡಲಿಲ್ಲ. ನಾವಿಬ್ಬರೂ ಅದನ್ನು ಒಟ್ಟಿಗೆ ನೋಡಿದ್ದು ಎಷ್ಟೋ ವರ್ಷಗಳ ಮೇಲೆ, ಈ ಪುಣೆಗೆ ಬಂದ ನಂತರ. ಚಿತ್ರ ಮುಗಿದಾಗ ಅವರು ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಲೋಟವನ್ನು ಮುಂದಿಡುತ್ತ ಅಂದರು: “ಆ ಪುಸ್ತಕದ ಬದಲು ಫೈಲು ಅಂತ ಮಾಡಿದ್ರೆ ನಮ್ಮನೇದೇ ಸಿನಿಮಾ ಆಗ್ತಿತ್ತು, ಅಲ್ವೇನ್ರೀ?”

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ನಗುತ್ತಲೇ ಹೇಳಿದರು. ಆಮೇಲೆ, ನಾನು ಎಂದೂ ಕೇಳದಿದ್ದ ಆ ಮಧ್ಯಾಹ್ನಗಳ ಬಗ್ಗೆ ಮೊದಲ ಸಲ ವಿವರವಾಗಿ ಹೇಳಿದರು. ಊಟವಾದ ಮೇಲೆ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರಂತೆ. ಮೊದಮೊದಲು ಕೂಗುಗಳು ಒಂದೂ ತಿಳಿಯುತ್ತಿರಲಿಲ್ಲ. ಕ್ರಮೇಣ, ‘ಶೀಲ್ ಕಾಟಾವ್’ ಎಂದು ಕೂಗುವವನು ಅರೆಯುವ ಕಲ್ಲಿಗೆ ಉಳಿಯಿಂದ ಕಚ್ಚು ಹಾಕುವವನು, ಎರಡೂವರೆಗೆ ಗಂಟೆ ಬಾರಿಸುತ್ತ ಬರುವವನು ಮಿಠಾಯಿಯವನು, ಮೂರಕ್ಕೆ ಸೈಕಲ್ಲಿನಲ್ಲಿ ಬರುವವನು ಹಳೆಯ ಪೇಪರಿನವನು ಎಂದು ಗುರುತು ಹತ್ತಿತು. ಅವರು ಬಂಗಾಳಿಯನ್ನು ಕಲಿತದ್ದು ಆ ಕಿಟಕಿಯಿಂದಲೇ. ನಾನು ಮೂರು ವರ್ಷ ಆ ನಗರದಲ್ಲಿ ಅಧಿಕಾರ ನಡೆಸಿ ಹತ್ತು ವಾಕ್ಯ ಕಲಿಯಲಿಲ್ಲ. ಊರಿನಿಂದ ತಂದಿದ್ದ ಕನ್ನಡ ಪುಸ್ತಕಗಳನ್ನು ಎಷ್ಟು ಸಲ ಓದಿದರೆಂದರೆ, ಯಾವ ಪುಟದಲ್ಲಿ ಅಚ್ಚಿನ ತಪ್ಪಿದೆ ಎಂಬುದು ಕೂಡ ಅವರಿಗೆ ಬಾಯಿಪಾಠವಾಗಿತ್ತು. ನೈಪುಣ್ಯ ಎಂದು ಆಗಲೇ ಹೇಳಿದೆನಲ್ಲ, ಆ ಪದವನ್ನು ನಾನು ಕಲಿತದ್ದು ಯಾವ ರಸಗ್ರಹಣ ಶಿಬಿರದಲ್ಲೂ ಅಲ್ಲ, ಆ ಬೆಳಗಿನ ಕಾಫಿಯ ಎದುರು.

ಈ ಮಾತುಗಳನ್ನು ಸಭೆಯಲ್ಲಿ ಹೇಳಲು ಅವರ ಒಪ್ಪಿಗೆ ಪಡೆದಿದ್ದೇನೆ. “ಹೇಳಿ, ಆದರೆ ಹೇಳಿ ಸುಮ್ಮನಾಗಬೇಡಿ” ಎಂದಿದ್ದಾರೆ. ಆದ್ದರಿಂದ ಸುಮ್ಮನಾಗದೆ ಎರಡು ಮಾತು ಹೇಳಿ ಮುಗಿಸುತ್ತೇನೆ.

ಚಿತ್ರದ ಮುಂದಿನ ಭಾಗದಲ್ಲಿ ಚಾರು ಬರೆಯಲು ಕೂರುತ್ತಾಳೆ. ಮೊದಲು ಪದಗಳು ಬರುವುದಿಲ್ಲ. ಕೊನೆಗೆ ತನ್ನ ಬಾಲ್ಯದ ಹಳ್ಳಿ ಕಣ್ಣಿಗೆ ಕಟ್ಟುತ್ತದೆ. ಆಕೆಯ ಮುಖದ ಮೇಲೆಯೇ ಆ ಹಳ್ಳಿಯ ಬಿಂಬಗಳು ತೇಲಿ ಬರುತ್ತವೆ. ಹಾಗೆ ಬರೆದ ಲೇಖನ ಪತ್ರಿಕೆಯೊಂದರಲ್ಲಿ ಅಚ್ಚಾಗುತ್ತದೆ, ಮನೆಯ ಬರಹಗಾರನೆಂದು ಹೆಸರಾದ ಅಮಲ್ ಬೆರಗಾಗುತ್ತಾನೆ. ಬೇರೆಯವರನ್ನು ದುರ್ಬೀನಿನಿಂದ ನೋಡುತ್ತಿದ್ದವಳು ಈಗ ತನ್ನೊಳಗನ್ನು ಬರಿಗಣ್ಣಿನಿಂದ ನೋಡಿಕೊಂಡಿದ್ದಾಳೆ. ನಗರದಲ್ಲಿ ಕುಳಿತು ಬಿಟ್ಟುಬಂದ ಊರನ್ನು ನೆನೆದು ಬರೆಯುವುದೆಂದರೇನು ಎಂಬುದನ್ನು ಹೊರನಾಡಿನ ಕನ್ನಡಿಗರಿಗೆ ಯಾರೂ ವಿವರಿಸಬೇಕಾಗಿಲ್ಲ. ನಮ್ಮ ತ್ರೈಮಾಸಿಕದ ಹಳೆಯ ಸಂಚಿಕೆಗಳನ್ನು ಕಳೆದ ವಾರ ತಿರುವಿ ನೋಡಿದೆ. ಊರಿನ ನೆನಪಿನ ಲೇಖನಗಳು ಬೇಕಾದಷ್ಟಿವೆ, ಬಹುಪಾಲು ನನ್ನಂಥ ಗಂಡಸರವು. ಮಹಿಳೆಯರಿಗೆ ಮೀಸಲಾದ ಪುಟದಲ್ಲಿ ಅಡುಗೆ ಮತ್ತು ರಂಗೋಲಿ. ಅಡುಗೆಯನ್ನು ನಾನು ಹೀಗಳೆಯುತ್ತಿಲ್ಲ. ಆದರೆ ನಮ್ಮ ಬೀದಿಗಳನ್ನು ನಮಗಿಂತ ಹೆಚ್ಚು ಹೊತ್ತು, ನಮಗಿಂತ ಹೆಚ್ಚು ಗಮನವಿಟ್ಟು ನೋಡಿದವರು ಬರೆದದ್ದು ಎಲ್ಲಿ? ಸಂಪಾದಕರು ಇಲ್ಲಿಯೇ ಇದ್ದಾರೆ. ಈ ಪ್ರಶ್ನೆಯನ್ನು ಅವರ ಮುಂದಿಡುತ್ತೇನೆ.

ಎರಡನೆಯದು ತೀರ ಸಣ್ಣ ವಿಷಯ, ಆಡಳಿತದ್ದು. ನಮ್ಮ ಸಂಘದ ಗ್ರಂಥಾಲಯ ತೆರೆಯುವುದು ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ. ಅದು ಗಂಡಸರಿಗೆ ಬಿಡುವಿನ ಹೊತ್ತು, ಹೆಂಗಸರಿಗೆ ವಾರದಲ್ಲೇ ಅತಿ ಹೆಚ್ಚು ಕೆಲಸದ ಹೊತ್ತು. ಈ ವೇಳೆಯನ್ನು ಗೊತ್ತುಮಾಡಿದ ಸಮಿತಿಯಲ್ಲಿ ನಾನೂ ಇದ್ದೆ. ಆಗ ನಮಗೆ ಇದು ಹೊಳೆಯಲಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ. ಭೂಪತಿಯೂ ಬೇಕೆಂದು ಮಾಡಲಿಲ್ಲ. ವಾರದಲ್ಲಿ ಎರಡು ದಿನವಾದರೂ ಮಧ್ಯಾಹ್ನ ಎರಡರಿಂದ ಐದರವರೆಗೆ ಗ್ರಂಥಾಲಯದ ಬಾಗಿಲು ತೆರೆದಿರಲಿ, ಬೀಗದ ಕೈ ಮಹಿಳಾ ಸದಸ್ಯರ ಬಳಿಯೇ ಇರಲಿ ಎಂದು ಕೋರುತ್ತೇನೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಗೆ ಇದನ್ನು ಲಿಖಿತವಾಗಿಯೂ ಕೊಡುತ್ತೇನೆ. ಕಡತದವನು ನಾನು, ಬರೆದು ಕೊಡದಿದ್ದರೆ ಕೆಲಸವಾಗುವುದಿಲ್ಲ ಎಂಬುದು ನನಗೆ ಗೊತ್ತು.

‘ಚಾರುಲತಾ’ದ ಕೊನೆಯನ್ನು ನೋಡಿದವರಿಗೆ ನೆನಪಿರಬಹುದು. ಎಲ್ಲ ತಿಳಿದ ಮೇಲೆ ಮನೆಗೆ ಮರಳಿದ ಗಂಡನತ್ತ ಚಾರು ಕೈ ಚಾಚುತ್ತಾಳೆ, ಅವನೂ ಚಾಚುತ್ತಾನೆ. ಎರಡು ಕೈಗಳು ಸೇರುವ ಮುನ್ನವೇ ಚಿತ್ರ ನಿಶ್ಚಲವಾಗುತ್ತದೆ. ನಾಲ್ಕು ಗಂಟೆಗೆ ಕರವಸ್ತ್ರ ಹೆಣೆಯುತ್ತಿದ್ದ ಕೈಯೇ ಅದು. ಅಂದು ಬಾಗಿಲ ಬಳಿ ಭೂಪತಿ ಒಮ್ಮೆ ಪುಸ್ತಕದಿಂದ ತಲೆ ಎತ್ತಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ಸಿನಿಮಾದಲ್ಲಿ ನಿಶ್ಚಲವಾದದ್ದನ್ನು ನಾವು ಅಲುಗಿಸಲಾರೆವು. ನಮ್ಮ ಮನೆಗಳಲ್ಲಿ, ನಮ್ಮ ಸಂಘದಲ್ಲಿ ಇನ್ನೂ ಅಲುಗಿಸಬಹುದು.

 ಇಂದಿನ ಉಪ್ಪಿಟ್ಟನ್ನು ಮಾಡಿದವರು ಯಾರೆಂದು ನಾನು ಒಳಗೆ ಹೋಗಿ ಕೇಳಿಕೊಂಡು ಬಂದಿದ್ದೇನೆ. ಐವರು ಸೋದರಿಯರು. ಅವರು ಅಡುಗೆ ಮನೆಯಲ್ಲಿದ್ದುದರಿಂದ ಚಿತ್ರದ ಆ ಏಳು ನಿಮಿಷಗಳನ್ನು ನೋಡಲಿಲ್ಲ. ಅಧ್ಯಕ್ಷರು ಅನುಮತಿ ಕೊಟ್ಟರೆ ಅವರಿಗಾಗಿ ಅದನ್ನು ಇನ್ನೊಮ್ಮೆ ಹಾಕೋಣ.